ಹುಣಸೆತೋಪಿನ ಕಲ್ಲಿಗೆ ಅರಿಶಿನ

ಹೂಂಗುಟ್ಟುತ್ತೀರಾದರೆ ಹೇಳುತ್ತೇನೆ, ನಡುವೆ ಹಿಂದಕ್ಕೆ ಮಾತ್ರ ತಿರುಗಿ ನೋಡಬೇಡಿ. ಊರಾಚೆಯ ಒಂಟಿ ಮನೆಯಲ್ಲಿ ಮಾಳವ್ವ, ಅವಳ ಪೆದ್ದ ಮಗ ತಿಪ್ಪ, ಕೆಂಚ ಅನ್ನೋ ನಾಯಿ. ತಿಪ್ಪನಿಗೆ ಆಸೆ ಒಂದೇ: ಅವ್ವ ಒಂದು ಸಲವಾದರೂ 'ಜಾಣ' ಅನ್ನಬೇಕು. ಅವಳು ಅಂದವಳಲ್ಲ. ಅನ್ನುವಂಥದ್ದು ಅವನು ಮಾಡಿದ್ದೂ ಇಲ್ಲ, ಬಿಡಿ!

ಒಂದು ಬೆಳಗ್ಗೆ ಕೆಂಚ ಕಾಲು ಕುಯ್ದುಕೊಂಡು ಕುಂಟುತ್ತಾ ಬಂತು.

"ಲೋ ತಿಪ್ಪಾ, ಉಪ್ಪುನೀರಲ್ಲಿ ತೊಳಿ. ರಕ್ತ ಎಲ್ಲಿ ಕಂಡ್ರೂ ಬಿಡಬೇಡ, ಅರಿಶಿನ ಹಚ್ಚು!" ಅಂದಳು ಮಾಳವ್ವ.

ತೊಳೆದ, ಹಚ್ಚಿದ. ಅಂಗಳದಲ್ಲಿ ಒಂದು ಹನಿ ಕಂಡಿತು, ಅದಕ್ಕೂ ಹಚ್ಚಿದ. ದಾರಿಯಲ್ಲಿ ಇನ್ನೊಂದು, ಅದಕ್ಕೂ ಹಚ್ಚಿದ. ಹನಿ ಹಿಡಿದು ಹೋದ, ಹೋದ, ಹಾಳುಬಿದ್ದ ಹುಣಸೆತೋಪಿನವರೆಗೂ ಹೋದ. ಅಲ್ಲೊಂದು ಚೂಪು ಕಲ್ಲು, ಅದರ ಮೇಲೂ ರಕ್ತ. ಕೈತುಂಬ ಅರಿಶಿನ ಬಳಿದು ಬಂದ.

"ತೋಪಿನ ಕಲ್ಲಿಗೂ ಹಚ್ಚಿ ಬಂದೆ ಅವ್ವಾ!"

"ಅಯ್ಯೋ ಮಂಕೇ! ಹಿರೀಕರು ಪೂಜೆ ನಿಲ್ಸಿ ಕೆಟ್ಟ ದೇವತೇನ ಮಲಗಿಸಿದ್ದ ಕಲ್ಲು ಕಣ್ಲಾ ಅದು! ರಕ್ತಾನೂ ತಾಗಿ ಅರಿಶಿನಾನೂ ಬಿದ್ರೆ, ಎದ್ದು ಮನೆಗೇ ಬತ್ತಾಳೆ ಅವಳು!"

ಹೊತ್ತು ನೆತ್ತಿಗೇರುವ ಮೊದಲೇ ತೊಳೆಯಬೇಕು ಅಂತ ಮಾಳವ್ವ ಕೊಡ ಎತ್ತಿಕೊಂಡು ಓಡಿದಳು. ಓಡುತ್ತಲೇ ಕೂಗಿದಳು: "ಕೆಂಚ ಗಾಯ ನೆಕ್ತಾ ಐತೆ, ನಾಲಿಗೆ ತಾಗದಂಗೆ ಬಟ್ಟೆ ಕಟ್ಟು! ಅದು ಬೊಗಳಿದ್ರೆ ಯಾರು ಕರೆದ್ರೂ ಬಾಗಿಲು ತೆಗೀಬೇಡ!"

ತಿಪ್ಪ ಕಟ್ಟಿದ. ಕಾಲಿಗಲ್ಲ! ನಾಲಿಗೆ ಇರುವುದು ಬಾಯಲ್ಲಿ ತಾನೇ? ಬಾಯಿಗೆ ಕಟ್ಟಿದ. ಬಾಗಿಲು ಹಾಕಿ ಕೂತ.

ನಡುಮಧ್ಯಾಹ್ನ. ಒಂದು ಕಾಗೆಯ ಸದ್ದೂ ಇಲ್ಲ.

"ಮಗಾ ತಿಪ್ಪಾ, ಬಾಗಿಲು ತೆಗಿ."

ಅವ್ವನದೇ ದನಿ. ಕೆಂಚನ ಬೆನ್ನಿನ ಕೂದಲು ನಿಮಿರಿತು. ನೆಲ ಕೆರೆಯಿತು, ಗಂಟಲಲ್ಲೇ ನರಳಿತು. ಬೊಗಳಲಿಲ್ಲ. ಬೊಗಳಲಿಲ್ಲವಲ್ಲ! ತಿಪ್ಪ ತೆಗೆದ.

ಬಂದಳು. ಮುಖಕ್ಕೆ ಕಿವಿಯ ತನಕ ಅರಿಶಿನ. ಮೈಯೆಲ್ಲ ಹಸಿ ಮಣ್ಣಿನ ವಾಸನೆ. ಮೂಲೆಯಲ್ಲಿ ಕೂತು ನಾಯಿಯ ಬಾಯಿ ನೋಡಿದಳು.

"ನೀನೇ ಕಟ್ಟಿದ್ದಾ? ಜಾಣ."

ಜಾಣ! ತಿಪ್ಪನ ಕಣ್ಣಲ್ಲಿ ನೀರೇ ಬಂತು.

ಅಷ್ಟರಲ್ಲಿ ಕೆಂಚ ಉಜ್ಜಿ ಉಜ್ಜಿ ಬಟ್ಟೆ ಜಾರಿಸಿಕೊಂಡು, ಮೂಲೆಯತ್ತ ತಿರುಗಿ ಬೊಗಳತೊಡಗಿತು. ಹೊರಗೆ ಯಾರೋ ದಬದಬ ಬಾಗಿಲು ಬಡಿದರು.

"ತಿಪ್ಪಾ! ಕಲ್ಲೇ ಇಲ್ಲ ಕಣ್ಲಾ ಅಲ್ಲಿ, ಬರೀ ಗುಂಡಿ! ತೆಗಿಯೋ ಬಾಗ್ಲು, ಮುಟ್ಠಾಳ!"

"ನಾಯಿ ಬೊಗಳ್ತಾ ಐತೆ, ತೆಗಿಯಾಕಿಲ್ಲ! ನಮ್ಮವ್ವ ಒಳಗೇ ಅವ್ಳೆ. ನಮ್ಮವ್ವ ಬಯ್ಯಾಕಿಲ್ಲ!"

ಹೊರಗಿನವಳು ಅತ್ತಳು. ತಿಪ್ಪ ಮೂಲೆಯತ್ತ ತಿರುಗಿದ.

"ಸರಿಯಾಗಿ ಮಾಡಿದ್ನಾ ಅವ್ವಾ?"

"ಹೂಂ ಮಗಾ. ಇನ್ನೊಂದು ಅಗುಳಿನೂ ಹಾಕು."

ತಿಪ್ಪ ಹಾಕಿದ.