ಪಾಚಿಯನ್ನು ಊಟಕ್ಕೆ ಕರೆದವರು ಯಾರು?

ಆ ಹಳೇ ಬ್ರಷ್ಷನ್ನು ಕೆಳಗಿಡು ಇಳಾ. ಬೆಳಗಿನಿಂದ ಮೀನಿನ ತೊಟ್ಟಿಯ ಗಾಜು ತಿಕ್ಕಿ ತಿಕ್ಕಿ ನಿನ್ನ ಬೆರಳೆಲ್ಲ ಸುಕ್ಕಾಗಿದೆ. ನಿನ್ನೆಯೂ ತಿಕ್ಕಿದೆ, ಮೊನ್ನೆಯೂ ತಿಕ್ಕಿದೆ. ಪಾಚಿ ಹೋಯಿತೇ? ಬಾ, ತಾತನ ಪಕ್ಕ ಕೂತುಕೋ. ಕೂರಲು ಆಗುವುದಿಲ್ಲವೇ? ಸರಿ, ನಿಂತುಕೊಂಡೇ ಕೇಳು. ಈ ಕಥೆಯಲ್ಲೂ ಯಾರೂ ಒಂದು ಕಡೆ ಕೂರುವವರಲ್ಲ.

ಲೋಕ ಆಗಷ್ಟೇ ಹುಟ್ಟಿತ್ತು. ನೀರಿಗೆ ಇನ್ನೂ ಅಲೆ ಎಬ್ಬಿಸುವುದು ಗೊತ್ತಿರಲಿಲ್ಲ. ಗಾಳಿಗೆ ಎತ್ತ ಬೀಸಬೇಕೆಂದು ತಿಳಿಯುತ್ತಿರಲಿಲ್ಲ. ಮೊಟ್ಟಮೊದಲ ಕೊಳದ ದಂಡೆಯಲ್ಲಿ ಸೂರ್ಯ ಎಲ್ಲರಿಗೂ ಜಾಗ ಹಂಚುತ್ತಿದ್ದ. ನೀರುಹುಲ್ಲಿಗೆ ಕೆಸರು ಕೊಟ್ಟ. ಮೀನಿಗೆ ನಡುನೀರು ಕೊಟ್ಟ. ಬಸವನಹುಳುವಿಗೆ ಕಲ್ಲು ಕೊಟ್ಟ. ಪಾಚಿ ಮಾತ್ರ ಸರದಿಯಲ್ಲಿ ನಿಲ್ಲಲಾರದೆ ಅತ್ತಿತ್ತ ಅಲೆದಾಡಿ, ಎಲ್ಲ ಮುಗಿದ ಮೇಲೆ ಬಂದಳು.

“ನನಗೆಲ್ಲಿ ಜಾಗ?”

“ಎಲ್ಲ ಹಂಚಿಯಾಯ್ತಲ್ಲೇ,” ಎಂದ ಸೂರ್ಯ. ಆಮೇಲೆ ಅವನಿಗೆ ಪಾಪ ಅನ್ನಿಸಿತು. “ಎಲ್ಲಿ ಬಿಸಿಲು ಹೆಚ್ಚಾಗುತ್ತೋ, ಎಲ್ಲಿ ಊಟ ಮಿಗುತ್ತೋ, ಅಲ್ಲಿ ಹೋಗಿ ಕೂತ್ಕೋ. ಮಿಗದಿದ್ರೆ ಗಲಾಟೆ ಮಾಡದೆ ಸುಮ್ಮನಿರಬೇಕು.”

ಪಾಚಿ ಒಪ್ಪಿದಳು. ಒಂದು ಕಲ್ಲಿನ ಮೂಲೆಯಲ್ಲಿ ಹೆಬ್ಬೆರಳಿನ ಗುರುತಿನಷ್ಟೇ ಹಸಿರಾಗಿ ಉಳಿದಳು. ಬಹಳ ಕಾಲ ಅವಳು ಅಲ್ಲಿದ್ದಾಳೆಂಬುದೇ ಯಾರಿಗೂ ನೆನಪಿರಲಿಲ್ಲ.

ಹೀಗಿರುವಾಗ ಮೀನಮ್ಮ ಒಂದು ಅಗಲವಾದ ಎಲೆಯ ಮೇಲೆ ಮೊಟ್ಟೆಯಿಟ್ಟಳು. ಲೋಕದಲ್ಲಿ ಅವೇ ಮೊದಲ ಮೀನಿನ ಮೊಟ್ಟೆಗಳು. ನಾಲ್ಕು ದಿನಕ್ಕೆ ಮರಿಗಳು ಹೊರಗೆ ಬರಬೇಕು. ಅವಳ ಸಂಭ್ರಮ ಏನು ಕೇಳುತ್ತೀ! ಕಪ್ಪೆ, ಏಡಿ, ಸೀಗಡಿ, ಕೊಳದವರನ್ನೆಲ್ಲ ಊಟಕ್ಕೆ ಕರೆದಳು. ‘ಸಾಕು’ ಎಂದವರಿಗೆ ಇನ್ನೆರಡು ಸಲ ಬಡಿಸಲೇಬೇಕು, ಇಲ್ಲದಿದ್ದರೆ ಅದು ಊಟವೇ ಅಲ್ಲ ಎಂಬುದು ಅವಳ ಪದ್ಧತಿ.

“ಸಾಕಮ್ಮಾ,” ಎಂದಿತು ಕಪ್ಪೆ.

“ಏನ್ ಸಾಕು? ನನ್ನ ಮಕ್ಕಳ ಮುಖ ನೋಡ್ಕೊಂಡು ಇನ್ನೊಂದು ತುತ್ತು!”

“ಸಾಕಮ್ಮಾ,” ಎಂದಿತು ಏಡಿ, ಹೊಟ್ಟೆ ಹಿಡಿದುಕೊಂಡು.

“ನಾಚಿಕೆ ಮಾಡ್ಕೋಬೇಡಿ, ಇನ್ನೊಂದು ತುತ್ತು!”

ತಿಂದಷ್ಟು ತಿಂದರು. ತಿನ್ನಲಾಗದ್ದು ತಳದಲ್ಲಿ ಬಿದ್ದು ಕೊಳೆಯಿತು. ಅಷ್ಟು ಸಾಲದೆಂಬಂತೆ, ಸಂಜೆ ಹೊರಟು ನಿಂತ ಸೂರ್ಯನನ್ನೂ ಅವಳು ತಡೆದಳು. “ಸೂರ್ಯಣ್ಣಾ, ಮೊಟ್ಟೆಗಳು ಬೆಚ್ಚಗಿರಲಿ, ಇನ್ನೂ ಸ್ವಲ್ಪ ಹೊತ್ತು ಇದ್ದು ಹೋಗಪ್ಪಾ.” ಕರೆದರೆ ಕರಗುವ ಸ್ವಭಾವ ಅವನದು. ನಿಂತ.

ಮಾರನೆಯ ದಿನ ಕಲ್ಲು ಹಸಿರಾಯಿತು. ಹುಲ್ಲಿನ ದಂಟು ಹಸಿರಾಯಿತು. ಮೂರನೆಯ ದಿನ ಪಾಚಿಯ ಎಳೆ ಮೊಟ್ಟೆಗಳಿದ್ದ ಎಲೆಯ ಅಂಚಿಗೆ ಬಂತು. ಅದು ಮೊಟ್ಟೆಗಳನ್ನು ಮುಚ್ಚಿಕೊಂಡರೆ ಒಳಗಿನ ಮರಿಗಳು ಉಸಿರಾಡುವುದು ಹೇಗೆ?

ಮೀನಮ್ಮ ಬಾಯಿಂದ ಕಚ್ಚಿ ಕಿತ್ತಳು. ಕಿತ್ತ ಎಳೆ ತೇಲಿಹೋಗಿ ಪಕ್ಕದಲ್ಲೇ ಅಂಟಿತು. ಅಲ್ಲಿಗೆ ಓಡಿದಳು, ಕಿತ್ತಳು. ಇನ್ನೊಂದು ಕಡೆ ಅಂಟಿತು. ಮೇಲೆ ಹೋದಳು, ಕೆಳಗೆ ಬಂದಳು, ಕಿತ್ತಳು, ಓಡಿದಳು. ಗಾಳಿ ಸಹಾಯಕ್ಕೆಂದು ಬಂದು “ಉಫ್!” ಎಂದು ಊದಿತು. ಒಂದು ಕಡೆ ಇದ್ದದ್ದು ಹತ್ತು ಕಡೆ ಆಯಿತು.

“ನಾನು ನಿನಗೇನು ಮಾಡಿದ್ದೆನೇ? ನನ್ನ ಮಕ್ಕಳ ಮೇಲೆ ಯಾಕೆ ಹಗೆ?” ಎಂದು ಮೀನಮ್ಮ ಕೂಗಿದಳು.

ಪಾಚಿಗೆ ನಿಜಕ್ಕೂ ಆಶ್ಚರ್ಯವಾಯಿತು. “ಹಗೆ ಎಲ್ಲಿಂದ ಬಂತು? ನೀವೇ ಕರೆದಿರಿ, ಬಂದೆ. ದಿನವಿಡೀ ಬಡಿಸ್ತೀರಿ. ಸೂರ್ಯನನ್ನೂ ಕಳಿಸೋದಿಲ್ಲ. ಇಷ್ಟು ಉಪಚಾರ ನನಗೆ ಈವರೆಗೂ ಯಾರೂ ಮಾಡಿರಲಿಲ್ಲಮ್ಮ.”

ಮೀನಮ್ಮ ತಳದಲ್ಲಿ ಕೊಳೆಯುತ್ತಿದ್ದ ಊಟವನ್ನೊಮ್ಮೆ, ಮೇಲೆ ನಿಂತಿದ್ದ ಸೂರ್ಯನನ್ನೊಮ್ಮೆ ನೋಡಿದಳು.

ಅವತ್ತು ಅವಳು ಬಡಿಸುವುದನ್ನು ನಿಲ್ಲಿಸಿದಳು. ಬಲು ಕಷ್ಟವಾಯಿತು. ಎದುರಿಗೆ ನೆಂಟರು ಸುಳಿದಾಡುವಾಗ ಏನೂ ಬಡಿಸದೆ ಇರುವುದೆಂದರೆ ಅವಳಿಗೆ ಮೈಯೆಲ್ಲ ಮುಳ್ಳು. ಸೂರ್ಯ ಹೊರಟಾಗ “ಹೋಗಿ ಬಾರಣ್ಣ” ಎಂದಳು. ಕೆಸರಿನಲ್ಲಿ ಮಿಕ್ಕಿದ್ದ ಸಾರವನ್ನೆಲ್ಲ ನೀರುಹುಲ್ಲು ಬೇರಿನಿಂದ ಹೀರಿಕೊಂಡಿತು. ಎಲೆಯನ್ನು ಶುಚಿಮಾಡಲು ಬಸವನಹುಳು ಬಂದಿತು. ಮೊಟ್ಟೆಗೆ ನೋವಾಗದಂತೆ ಸುತ್ತಲಿನ ಪಾಚಿ ತಿನ್ನಲು ಅದೊಂದಕ್ಕೇ ಬರುತ್ತಿತ್ತು.

“ಬೇಗ, ಬೇಗ!” ಎಂದಳು ಮೀನಮ್ಮ.

“ಬೇಗ ನನಗೆ ಬರೋದಿಲ್ಲ ತಾಯಿ. ನೀವು ಸ್ವಲ್ಪ ದೂರ ನಿಲ್ಲಿ.”

ದೂರ ನಿಂತಳು. ನಿಂತಲ್ಲೇ ಒದ್ದಾಡಿದಳು. ಬಾಲ ಅಲ್ಲಾಡುವುದು ನಿಲ್ಲಲೇ ಇಲ್ಲ.

ನಾಲ್ಕನೆಯ ಬೆಳಗ್ಗೆ ಮರಿಗಳು ಹೊರಬಂದವು. ಎಲ್ಲವೂ ಅಲ್ಲ. ಅಂಚಿನ ಮೂರು ಮೊಟ್ಟೆಗಳು ಬೆಳ್ಳಗಾಗಿ ಹಾಗೇ ಉಳಿದವು. ಮೀನಮ್ಮ ಅತ್ತಳು. ನೀರೊಳಗೆ ಅತ್ತರೆ ಯಾರಿಗೂ ಕಾಣುವುದಿಲ್ಲ, ಅಷ್ಟೇ.

ಉಳಿದ ಮರಿಗಳು ಹಸಿದು ಕಲ್ಲಿನ ಬಳಿ ಹೋದವು. ಪಾಚಿ ಮತ್ತೆ ಹೆಬ್ಬೆರಳಿನ ಗುರುತಿನಷ್ಟಾಗಿದ್ದಳು. ಮರಿಗಳು ಅವಳನ್ನೇ ಚೂರುಚೂರು ಮೇಯ್ದವು. ಮೀನಮ್ಮ ಅದನ್ನು ನೋಡಿ, ಹಗೆಯನ್ನು ನುಂಗಿಕೊಂಡಳು. “ಇಷ್ಟೇ ಇರು,” ಎಂದಳು. “ಕರೆಯದೆ ಬರಬೇಡ.”

“ಕರೆಯೋದೇ ಬೇಡ, ಸ್ವಲ್ಪ ಮಿಗಿಸಿ ಸಾಕು,” ಎಂದಳು ಪಾಚಿ.

ಕಥೆ ಮುಗಿಯಿತು ಇಳಾ, ಆದರೆ ತಾತನದು ಒಂದು ಮಾತಿದೆ. ಮೀನು ತಿನ್ನುವ ಕಾಳಿನ ಡಬ್ಬಿ ಅಷ್ಟು ಬೇಗ ಹೇಗೆ ಖಾಲಿಯಾಗುತ್ತದೆ ಎಂದು ಕೇಳಿದೆಯಲ್ಲ? ನೀನು ಶಾಲೆಗೆ ಹೋದ ಮೇಲೆ ದಿನಕ್ಕೆ ಮೂರು ಸಲ ಹಾಕುತ್ತಿದ್ದವನು ನಾನೇ. ಅವು ಗಾಜಿಗೆ ಮೂತಿ ಹಚ್ಚಿ ಬಾಯಿ ತೆರೆದು ಮುಚ್ಚುವುದನ್ನು ಕಂಡರೆ ಜೀವ ತಡೆಯುವುದಿಲ್ಲ. ನಲವತ್ತು ವರ್ಷ ಮದುವೆಮನೆಗಳಲ್ಲಿ ಬಡಿಸಿದ ಕೈ ಕಣೇ ಇದು. ಇನ್ನು ನೀನು, ಕತ್ತಲೆಯಲ್ಲಿ ಮೀನಿಗೆ ಹೆದರಿಕೆಯಾಗುತ್ತದೆ ಎಂದು ಮಲಗುವವರೆಗೂ ತೊಟ್ಟಿಯ ಲೈಟು ಉರಿಸಿಡುತ್ತೀ. ಮೊಮ್ಮಗಳು, ತಾತ, ಇಬ್ಬರೂ ಸೇರಿಕೊಂಡು ಪಾಚಿಯನ್ನು ಕರೆದಿದ್ದೇವೆ.

ತಗೋ ಡಬ್ಬಿ, ನಿನ್ನ ಹತ್ತಿರವೇ ಇರಲಿ. ನಾನು ಬೇಡಿಕೊಂಡರೂ ಕೊಡಬೇಡ. ಲೈಟನ್ನೂ ಕತ್ತಲಾಗುತ್ತಲೇ ಆರಿಸಿಬಿಡು.

ಆಗ ನೋಡು, ನಮ್ಮ ತೊಟ್ಟಿಯಲ್ಲೂ ಒಂದು ಬಸವನಹುಳು ಇದೆಯಲ್ಲ, ಗಾಜಿನ ಮೇಲೆ ಅದು ಹೋದಲ್ಲೆಲ್ಲ ತಿಳಿಯಾದ ದಾರಿ ಬೀಳುತ್ತದೆ. ಆದರೂ ಒಂದು ಮೂಲೆಯಲ್ಲಿ ಹೆಬ್ಬೆರಳಿನಷ್ಟು ಹಸಿರು ಉಳಿದೇ ಇರುತ್ತದೆ, ಯಾಕೆಂದರೆ ‘ಸಾಕು’ ಎಂದಾಗ ನಾವು ನಿಲ್ಲಿಸುತ್ತೇವೋ ಇಲ್ಲವೋ ಎಂದು ಪಾಚಿ ಅಂದಿನಿಂದ ಇವತ್ತಿನವರೆಗೂ ಕಾಯುತ್ತಲೇ ಇದ್ದಾಳೆ.