ಮಂಟಪಕ್ಕೆ ಬಾಗಿಲು ಇಟ್ಟವನು

“ಗುಂಪನ್ನು ಎಲ್ಲರಿಗೂ ತೆರೆದಿಡಲೋ, ಬೀಗ ಹಾಕಿ ನಮ್ಮವರಿಗಷ್ಟೇ ಇಟ್ಟುಕೊಳ್ಳಲೋ? ಇವತ್ತು ಸಂಜೆಯೊಳಗೆ ಹೇಳಬೇಕು ಬುದ್ಧಿ.”

ಕೇಳಿದವಳು ನೀಲಾಂಬಿಕೆ. ಮಠದ ಶಾಲೆಯಲ್ಲಿ ಹೊಲಿಗೆ ಕಲಿಸುವವಳು, ವಾರಕ್ಕೊಮ್ಮೆ ಗುರುಗಳ ಪಾಠಕ್ಕೆ ಬಂದು ಕೂರುವವಳು. ಹನ್ನೆರಡನೆಯ ವಯಸ್ಸಿನಿಂದ ಅವಳ ಕೈಗಳ ಮೇಲೆ ತೊನ್ನು ಇತ್ತು. ಎರಡು ವರ್ಷದ ಹಿಂದೆ ತನ್ನಂಥ ಹೆಂಗಸರಿಗೆಂದು ಮೊಬೈಲಿನಲ್ಲಿ ಒಂದು ಗುಂಪು ಮಾಡಿದ್ದಳು. ಈಗ ಅದರಲ್ಲಿ ಮುನ್ನೂರಕ್ಕೂ ಹೆಚ್ಚು ಮಂದಿ ಇದ್ದರು. ಮನೆಯಲ್ಲಿ ಆಡಲಾಗದ ಮಾತನ್ನು ಅಲ್ಲಿ ಆಡುತ್ತಿದ್ದರು. ವರ್ಷಗಟ್ಟಲೆ ತುಂಬುತೋಳಿನ ರವಿಕೆಯಲ್ಲೇ ಇದ್ದವರು ತೋಳು ಕಾಣುವ ಫೋಟೋ ತೆಗೆದು ಅಲ್ಲಿ ಹಾಕುತ್ತಿದ್ದರು.

ಹೋದ ತಿಂಗಳು ಯಾರೋ ಅಂಥ ಒಂದು ಫೋಟೋವನ್ನು ಹೊರಗೆ ಹಂಚಿದರು. ಅದರಲ್ಲಿದ್ದ ಹುಡುಗಿಯ ಗೊತ್ತಾಗಿದ್ದ ಮದುವೆ ಮುರಿಯಿತು. ಅಂದಿನಿಂದ ನೀಲಾಂಬಿಕೆ ಕಟ್ಟುನಿಟ್ಟು ಮಾಡಿದಳು. ಗುಂಪಿಗೆ ಸೇರುವವರು ಮೊದಲು ತಮ್ಮ ಮುಖ, ಮೈಮೇಲಿನ ಬಿಳಿ ಮಚ್ಚೆ ಎರಡೂ ಕಾಣುವ ಫೋಟೋವನ್ನು ಅವಳಿಗೆ ಕಳಿಸಬೇಕು.

“ಹದಿನೇಳು ಜನ ಫೋಟೋ ಕಳಿಸಲಿಲ್ಲ. ಎಲ್ಲರನ್ನೂ ವಾಪಸ್ ಕಳಿಸಿದೆ. ನೋಡಿ ನಗೋಕೆ ಬಂದೋರು, ಇನ್ನೇನು,” ಎಂದಳು. “ಆದರೂ ಗುಂಪಿನಲ್ಲಿ ಅರ್ಧ ಜನ ತೆರೆದಿಡು ಅಂತಾರೆ. ಎಲ್ಲೋ ಒಬ್ಬಳೇ ಅಳುತ್ತಾ ಕೂತಿರೋ ಹುಡುಗಿಗೆ ನಾವಿದ್ದೀವಿ ಅಂತ ಹೇಗೆ ಗೊತ್ತಾಗಬೇಕು ಅಂತಾರೆ. ನನಗೆ ಅದೂ ನಿಜ ಅನ್ನಿಸುತ್ತೆ.”

ಹೀಗೆ ಹೇಳಿದರೂ ಅವಳ ದನಿ ಗಟ್ಟಿಯಾಗಿಯೇ ಇತ್ತು. ಮುರಿದ ಆ ಮದುವೆಯ ತಪ್ಪು ತನ್ನದೇ ಎಂದು ಅವಳು ನಂಬಿದ್ದಳು. ಇನ್ನೊಮ್ಮೆ ಹಾಗಾಗಲು ಬಿಡಬಾರದೆಂದು ಪಣ ತೊಟ್ಟೇ ಬಂದಿದ್ದಳು. ಬೀಗವೇ ಸರಿ ಎಂದು ಗುರುಗಳ ಬಾಯಿಂದ ಬರಲಿ ಎಂಬುದು ಅವಳ ಆಸೆ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಉಪ್ಪಿನ ವ್ಯಾಪಾರಿ ಇದ್ದ. ಎತ್ತಿನ ಮೇಲೆ ಉಪ್ಪು ಹೇರಿಕೊಂಡು ಊರೂರು ತಿರುಗುತ್ತಿದ್ದ. ಅವನಿಗೆ ಉಗ್ಗು ಇತ್ತು. ಉಪ್ಪು ಎಂದು ಕೂಗಲು ಬೀದಿಯ ಈ ತುದಿಯಲ್ಲಿ ಬಾಯಿ ತೆರೆದರೆ, ಮಾತು ಪೂರ್ತಿಯಾಗುವಷ್ಟರಲ್ಲಿ ಆ ತುದಿ ಬಂದಿರುತ್ತಿತ್ತು. ಊರಿನ ಮಕ್ಕಳು ಅವನ ಎತ್ತಿನ ಹಿಂದೆ ಸಾಲಾಗಿ ನಡೆದು ಅವನ ಪರವಾಗಿ ಕೂಗಿ ಮುಗಿಸುತ್ತಿದ್ದರು. ವ್ಯಾಪಾರವೇನೋ ಆಗುತ್ತಿತ್ತು. ಆದರೆ ಒಂದು ದಿನವಾದರೂ ತನ್ನ ಮಾತನ್ನು ತಾನೇ ಮುಗಿಸಬೇಕೆಂದು ಅವನ ಜೀವ ಹಂಬಲಿಸುತ್ತಿತ್ತು.

ಒಮ್ಮೆ ಕೆರೆಯ ಪಕ್ಕದ ಮಂಟಪದಲ್ಲಿ ದಣಿವಾರಿಸಿಕೊಳ್ಳುವಾಗ ಒಬ್ಬ ನೇಕಾರ ಸಿಕ್ಕಿದ. ಅವನಿಗೂ ಉಗ್ಗು. ಇಬ್ಬರೂ ಮಾತಿಗೆ ಕೂತರು. ಎರಡು ಮಾತು ಆಡುವಷ್ಟರಲ್ಲಿ ಹೊತ್ತು ನೆತ್ತಿಗೇರಿತು. ಆದರೆ ಒಬ್ಬನ ಮಾತನ್ನು ಇನ್ನೊಬ್ಬ ಮುಗಿಸಿಕೊಡಲು ಹೋಗಲಿಲ್ಲ. ಉಪ್ಪಿನವನಿಗೆ ಅಂಥ ಸುಖ ಹುಟ್ಟಿದಾಗಿನಿಂದ ಸಿಕ್ಕಿರಲಿಲ್ಲ.

ಪ್ರತಿ ವಾರ ಸಂತೆಯ ಮಾರನೆಯ ದಿನ ಅಲ್ಲಿ ಸೇರುವುದೆಂದು ಮಾತಾಡಿಕೊಂಡರು. ಇಬ್ಬರಿದ್ದವರು ಐವರಾದರು, ಹನ್ನೊಂದು ಮಂದಿಯಾದರು. ಅಲ್ಲಿ ಇದ್ದುದು ಒಂದೇ ನಿಯಮ. ಆಡುವವನು ಮುಗಿಸುವವರೆಗೆ ಉಳಿದವರು ಕಾಯಬೇಕು. ಮಂಟಪಕ್ಕೆ ನಾಲ್ಕು ಕಂಬ ಬಿಟ್ಟರೆ ಗೋಡೆ ಇರಲಿಲ್ಲ. ಯಾರು ಬೇಕಾದರೂ ಬಂದು ಕೂರಬಹುದಿತ್ತು.

ಹಾಗೆ ಬಂದು ಕೂತವರಲ್ಲಿ ಒಬ್ಬ ಕುಚೇಷ್ಟೆಯವನೂ ಇದ್ದ. ಅವನು ಬಾಯಿ ತೆರೆಯಲಿಲ್ಲ. ಗಂಟಲು ಮುಟ್ಟಿ ತೋರಿಸಿ ತನಗೂ ಅದೇ ಕಷ್ಟ ಎಂದು ಸನ್ನೆ ಮಾಡಿದ. ಪಾಪ, ಇನ್ನೂ ಧೈರ್ಯ ಬಂದಿಲ್ಲ ಎಂದುಕೊಂಡು ಯಾರೂ ಅವನನ್ನು ಒತ್ತಾಯಿಸಲಿಲ್ಲ. ಅವನು ಮೂರು ವಾರ ಎಲ್ಲವನ್ನೂ ಕೇಳಿಸಿಕೊಂಡ.

ಮೂರನೆಯ ವಾರ ನೇಕಾರ ತನ್ನ ಮದುವೆಯ ಮಾತು ಆಡಿದ. ಹೊಸ ಹೆಂಡತಿಯೊಡನೆ ಮನೆಯೊಳಗೆ ಕಾಲಿಡುವಾಗ ಅಕ್ಕ ಬಾಗಿಲಿಗೆ ಅಡ್ಡ ನಿಂತಳು. ಹೆಂಡತಿಯ ಹೆಸರು ಹೇಳಿ ಒಳಗೆ ಬಾ ಎಂದಳು. ಎಲ್ಲ ಮದುವೆಯಲ್ಲೂ ನಡೆಯುವ ತಮಾಷೆ ಅದು. ಅವನಿಗೆ ಹೆಸರು ಬರಲಿಲ್ಲ. ನೆಂಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕೊನೆಗೆ ತಾಯಿ ಹೆಸರು ಹೇಳಿ ಮಗನನ್ನು ಒಳಗೆ ಕರೆದುಕೊಂಡಳು. ಇಪ್ಪತ್ತು ವರ್ಷವಾದರೂ ತಾನು ಆ ಹೊಸ್ತಿಲ ಹೊರಗೇ ನಿಂತಿರುವಂತೆ ಅನ್ನಿಸುತ್ತದೆ ಎಂದು ನೇಕಾರ ಅತ್ತ.

ಮುಂದಿನ ಸಂತೆಯಲ್ಲಿ ಕುಚೇಷ್ಟೆಯವನು ಅದನ್ನು ಅಭಿನಯಿಸಿ ತೋರಿಸಿದ. ಅಕ್ಕನೂ ಅವನೇ, ನೇಕಾರನೂ ಅವನೇ. ಜನ ಸುತ್ತುಗಟ್ಟಿ ನಿಂತು ನೋಡಿದರು. ನೇಕಾರ ಸೀರೆಗಳ ಗಂಟನ್ನು ಅಲ್ಲೇ ಬಿಟ್ಟು ಹೋದ. ಮತ್ತೆ ಮಂಟಪಕ್ಕೂ ಬರಲಿಲ್ಲ, ಸಂತೆಗೂ ಬರಲಿಲ್ಲ.

ಉಪ್ಪಿನವನಿಗೆ ಅದು ಸಹಿಸಲಾಗಲಿಲ್ಲ. ಇನ್ನು ಹೀಗಾಗಲು ಬಿಡುವುದಿಲ್ಲ ಎಂದು ಟೊಂಕ ಕಟ್ಟಿ ನಿಂತ. ಕಲ್ಲು ತಂದ, ಮಣ್ಣು ಕಲಸಿದ, ಮೂರು ತಿಂಗಳಲ್ಲಿ ಮಂಟಪದ ನಾಲ್ಕು ಕಡೆಗೂ ಗೋಡೆ ಎಬ್ಬಿಸಿದ. ಹಲಸಿನ ಮರದ ಒಂದು ಬಾಗಿಲು ಇಟ್ಟ. ಬಾಯಿ ತೆರೆಯದವನಿಂದ ಕೆಟ್ಟೆವು, ಇನ್ನು ಬಾಯಿ ತೆರೆಯದವರಿಗೆ ಬಾಗಿಲು ತೆರೆಯುವುದಿಲ್ಲ ಎಂದ. ಬಂದವರು ಹೊರಗೆ ನಿಂತು ತಮ್ಮ ಹೆಸರು ಹೇಳಬೇಕು. ನಿಜವಾದ ಉಗ್ಗು ಯಾವುದು, ಅಣಕ ಯಾವುದು ಎಂಬುದು ಒಳಗಿನವರ ಕಿವಿಗೆ ತಿಳಿಯುತ್ತದೆ. ಎಲ್ಲರೂ ಒಪ್ಪಿದರು.

ಒಳಗೆ ನೆಮ್ಮದಿ ಇತ್ತು. ಜನ ಮನಬಿಚ್ಚಿ ಮಾತಾಡಿದರು. ಉಪ್ಪಿನವನು ಬಾಗಿಲ ಬಳಿಯೇ ಕೂರುತ್ತಿದ್ದ.

ಒಂದು ವಾರ ಹೊರಗಿನಿಂದ ಬಾಗಿಲು ತಟ್ಟಿದ ಸದ್ದು ಬಂತು. ಎರಡು ಸಲ ತಟ್ಟಿ, ಸ್ವಲ್ಪ ತಡೆದು, ಇನ್ನೊಂದು ಸಲ. ಉಪ್ಪಿನವನು ಹೆಸರು ಕೇಳಿದ. ಉತ್ತರ ಬರಲಿಲ್ಲ. ಅವನು ಅಗುಳಿ ತೆಗೆಯಲಿಲ್ಲ. ಮುಂದಿನ ವಾರವೂ ಅದೇ ಸದ್ದು, ಎರಡು ಸಲ, ತಡೆದು ಇನ್ನೊಂದು. ಅವನು ಗದರಿಸಿ ಹೆಸರು ಕೇಳಿದ. ಉತ್ತರವಿಲ್ಲ. ಮೂರನೆಯ ವಾರವೂ ಹಾಗೇ ಆಯಿತು. ನಾಲ್ಕನೆಯ ವಾರ ಯಾರೂ ತಟ್ಟಲಿಲ್ಲ. ಪೀಡೆ ತೊಲಗಿತು ಎಂದು ಒಳಗಿನವರು ನಕ್ಕರು. ಉಪ್ಪಿನವನೂ ನಕ್ಕ.

ಸುಗ್ಗಿ ಕಳೆದ ಮೇಲೆ ಅವನು ಒಂದು ಊರಿಗೆ ಉಪ್ಪು ಮಾರಲು ಹೋದ. ಕೊನೆಯ ಮನೆಯೊಳಗಿನಿಂದ ಒಬ್ಬ ಹೆಂಗಸು ಅವನನ್ನು ನಿಲ್ಲಿಸಲು ಕೈಯಲ್ಲಿದ್ದ ಪಾವಿನಿಂದ ಬಾಗಿಲ ಚೌಕಟ್ಟನ್ನು ತಟ್ಟಿದಳು. ಎರಡು ಸಲ ತಟ್ಟಿ, ಸ್ವಲ್ಪ ತಡೆದು, ಇನ್ನೊಂದು ಸಲ.

ಅವನು ಎತ್ತನ್ನು ನಿಲ್ಲಿಸಿ ಅವಳ ಬಾಗಿಲಿಗೆ ಬಂದ. ಮಂಟಪಕ್ಕೆ ಬಂದದ್ದು ನೀವೇನಾ ಎಂದು ಕೇಳಿದ. ಕೇಳಲು ಬಹಳ ಹೊತ್ತು ಹಿಡಿಯಿತು. ಅವಳು ಕಾದಳು. ಆಮೇಲೆ ಅವಳು ಹೇಳಿದಳು. ಅವನು ಕಾದ.

“ಬಂದಿದ್ದೆ ಅಣ್ಣ. ಪಂಚಾಯಿತಿಗೆ ಮುಂಚೆ ನಾಲಿಗೆ ಸ್ವಲ್ಪ ಪಳಗಲಿ ಅಂತ ಬಂದೆ. ನನಗೆ ಎಲ್ಲ ಮಾತೂ ತಡವಾಗಿಯಾದರೂ ಬರುತ್ತೆ. ನನ್ನ ಹೆಸರೊಂದು ಬರಲ್ಲ. ಅದನ್ನೇ ಕೇಳಿಬಿಟ್ಟರೆ ಉಳಿದದ್ದೂ ನಿಂತುಹೋಗುತ್ತೆ. ನೀವೂ ಅದನ್ನೇ ಕೇಳಿದಿರಿ.”

ಅವಳ ಗಂಡ ತೀರಿಹೋಗಿದ್ದ. ಅವನ ಪಾಲಿನ ಹೊಲಕ್ಕೆ ಅವನ ಅಣ್ಣತಮ್ಮಂದಿರು ಕೈ ಹಾಕಿದ್ದರು. ಪಂಚಾಯಿತಿ ಸೇರಿದ ದಿನ ಹಿರಿಯರು ಮೊದಲು ಅವಳ ಹೆಸರು ಕೇಳಿದರು. ಅವಳು ನಿಂತೇ ಇದ್ದಳು. ಹೆಸರು ಹೇಳದವಳು ಇನ್ನೇನು ಹೇಳಿಯಾಳು ಎಂದು ಅವರು ಎದ್ದರು. ಹೊಲ ಹೋಯಿತು. ಈಗ ಅದೇ ಹೊಲದಲ್ಲಿ ಅವಳು ಕೂಲಿಗೆ ಹೋಗುತ್ತಿದ್ದಳು.

ಉಪ್ಪಿನವನು ತಲೆ ತಗ್ಗಿಸಿಕೊಂಡು ಎತ್ತು ಹೊಡೆದುಕೊಂಡು ಬಂದ. ನೇಕಾರನನ್ನು ಹೊರಗೆ ನಿಲ್ಲಿಸಿದ್ದ ಬಾಗಿಲನ್ನೇ ತಾನು ತಂದು ಮಂಟಪಕ್ಕೆ ಇಟ್ಟಿದ್ದೆ ಎಂಬುದು ದಾರಿಯಲ್ಲಿ ಅವನಿಗೆ ಹೊಳೆಯಿತು. ಎತ್ತನ್ನು ನಿಲ್ಲಿಸಿ ಅಲ್ಲೇ ಕೂತು ಅತ್ತ.

ಸಂತೆಯ ಮಾರನೆಯ ದಿನ ಅವನು ಎಲ್ಲರಿಗಿಂತ ಮೊದಲು ಮಂಟಪಕ್ಕೆ ಹೋದ. ಬಾಗಿಲನ್ನು ಕಿತ್ತು ಹಾಕಲಿಲ್ಲ, ಹಾರು ಹೊಡೆದು ತೆರೆದೂ ಇಡಲಿಲ್ಲ. ಹೊಸ್ತಿಲ ಹೊರಗೆ ಒಂದು ಕಲ್ಲು ಹಾಕಿಕೊಂಡು ಅದರ ಮೇಲೆ ಕೂತ. ಜೊತೆಯವರು ಬಂದಾಗ, ಇನ್ನು ಬಂದವರ ಹೆಸರು ಕೇಳುವುದಿಲ್ಲ, ನನ್ನ ಹೆಸರು ನಾನು ಹೇಳುತ್ತೇನೆ ಎಂದ. ಮುಗಿಯುವವರೆಗೆ ಕಾದವರು ಒಳಗೆ ಹೋಗಲಿ.

ಅಣಕಿಸುವವರು ಬಂದರೇನು ಗತಿ ಎಂದು ಒಳಗಿನವರು ಗಾಬರಿಯಾದರು.

ಉಪ್ಪಿನವನು ನಿಧಾನವಾಗಿ ಹೇಳಿದ, “ಮೊದಲು ನನ್ನನ್ನು ಅಣಕಿಸಲಿ.”

ಅಂದು ಹೊಸಬರು ನಾಲ್ವರು ಬಂದರು. ಉಪ್ಪಿನವನು ನಾಲ್ಕು ಸಲ ತನ್ನ ಹೆಸರು ಹೇಳಿದ. ನಾಲ್ಕು ಸಲವೂ ಅದು ಗಂಟಲಲ್ಲಿ ಸಿಕ್ಕಿಕೊಂಡಿತು, ಕುತ್ತಿಗೆಯ ನರ ಉಬ್ಬಿತು. ಒಬ್ಬನಿಗೆ ನಗು ತಡೆಯಲಾಗಲಿಲ್ಲ, ಅರ್ಧದಲ್ಲೇ ಹೋದ. ಇನ್ನೊಬ್ಬ ಆತುರಪಟ್ಟು ಹೆಸರನ್ನು ತಾನೇ ಮುಗಿಸಿಕೊಟ್ಟ. ಉಪ್ಪಿನವನು ಅವನಿಗೆ ಕೈಮುಗಿದು, ಮುಂದಿನ ವಾರ ಬಾ ಎಂದು ಕಳಿಸಿದ. ಇಬ್ಬರು ಕಾದರು. ಅವರಲ್ಲಿ ಒಬ್ಬನು ತುಟಿಯನ್ನೇ ಬಿಚ್ಚಿರಲಿಲ್ಲ. ಉಪ್ಪಿನವನು ಎದ್ದು ಅವನಿಗೆ ಬಾಗಿಲು ತೆರೆದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ನೀಲಾಂಬಿಕೆ ಮಡಿಲಲ್ಲಿದ್ದ ಮೊಬೈಲನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಕತೆ ಕೇಳುತ್ತಾ ಕೇಳುತ್ತಾ ತಾನು ತಂದ ಪ್ರಶ್ನೆಯನ್ನೇ ಮರೆತಿದ್ದಳು. ಅವಳಿಗೆ ಈಗ ಬೇಕಾಗಿದ್ದುದು ಬೇರೆಯೇ ಆಗಿತ್ತು.

“ಆ ಹೆಂಗಸು ಮತ್ತೆ ಬಂದಳಾ ಬುದ್ಧಿ?”

ಗುರುಗಳು ಹೇಳಿದರು, “ಅದನ್ನು ನೀನು ವಾಪಸ್ ಕಳಿಸಿದ ಹದಿನೇಳು ಜನರನ್ನು ಕೇಳಬೇಕು ತಾಯಿ.”