ಸೀಬೆ ಮರ ಮತ್ತು ನಾಲ್ಕು ದಬ್ಬೆ

ಮೂಳೆ ವೈದ್ಯರಾದ ಗುರುಗಳನ್ನು ಶಿಷ್ಯ ಮರಿಸ್ವಾಮಿ ಕೇಳಿದ: "ಗುರುಗಳೇ, ಮಕ್ಕಳ ಸೊಂಟದ ಕೀಲಿನಲ್ಲಿ ಮೂಳೆ ಮುರಿಯುವ ನಾಲ್ಕು ಬಗೆಗಳನ್ನೂ ಹೇಳಿಕೊಟ್ಟಿರಿ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಒಪ್ಪಿಸುತ್ತೇನೆ. ಆದರೆ ಬೆಳಿಗ್ಗೆ ಬಂದ ಮಗು ಮಂಚದಿಂದ ಉರುಳಿಬಿದ್ದೆ ಎನ್ನುತ್ತದೆ, ಮತ್ತೇನೂ ಹೇಳುವುದಿಲ್ಲ, ಮುಟ್ಟಲೂ ಬಿಡುವುದಿಲ್ಲ. ಗದರಿಸಿದೆ. ನಿಜ ಹೇಳದಿದ್ದರೆ ಬರೆ ಹಾಕುತ್ತೇನೆಂದೂ ಹೆದರಿಸಿದೆ. ಬಾಯಿಗೆ ಬೀಗ ಹಾಕಿಕೊಂಡಿದೆ. ಇಂಥ ಮಗುವಿನ ಮುರಿತ ಯಾವ ಬಗೆಯದೆಂದು ತಿಳಿಯುವುದು ಹೇಗೆ?"

ಗುರುಗಳು ಲೇಪ ಅರೆಯುವುದನ್ನು ನಿಲ್ಲಿಸಿ ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಮೂಳೆ ವೈದ್ಯನಿದ್ದ. ಮಕ್ಕಳ ಸೊಂಟದ ಮುರಿತಕ್ಕೆ ಕಟ್ಟಲೆಂದೇ ಅವನ ಗೋಡೆಯ ಮೇಲೆ ನಾಲ್ಕು ಬಿದಿರಿನ ದಬ್ಬೆಗಳು ತೂಗುತ್ತಿದ್ದವು. ತೊಡೆಮೂಳೆಯ ತಲೆ ತಾನು ಬೆಳೆಯುವ ಗೆರೆಯಲ್ಲೇ ಜಾರಿದ್ದರೆ ಮೊದಲನೆಯ ದಬ್ಬೆ. ತಲೆಯ ಕೆಳಗಿನ ಕತ್ತು ನಡುವೆ ಮುರಿದರೆ ಎರಡನೆಯದು, ಕತ್ತಿನ ಬುಡದಲ್ಲಾದರೆ ಮೂರನೆಯದು, ಅದಕ್ಕೂ ಕೆಳಗಾದರೆ ನಾಲ್ಕನೆಯದು. ಮುರಿತ ಮೇಲೆ ಹೋದಷ್ಟೂ ಮೂಳೆಯ ತಲೆಗೆ ರಕ್ತ ತಪ್ಪುವ ಭಯ ಹೆಚ್ಚು. ಬಗೆ ತಿಳಿಯದೆ ಕೈಹಾಕಿದರೆ ಮಗು ಜೀವಮಾನವಿಡೀ ಕುಂಟಬೇಕು. ಆ ವೈದ್ಯ ತಪ್ಪಿದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ.

ಮನುಷ್ಯ ಒಳ್ಳೆಯವನೇ, ಆದರೆ ಹಿತ್ತಲಿನ ಸೀಬೆ ಮರದ ಮಾತು ಬಂದರೆ ಕೆಂಡವಾಗುತ್ತಿದ್ದ. ಅದರ ಹಣ್ಣು ಕಚ್ಚಿದರೆ ಒಳಗೆ ಕೆಂಪು. ಅಂಥ ಮರ ಊರಲ್ಲಿ ಇನ್ನೊಂದಿರಲಿಲ್ಲ. "ನನ್ನ ಮರ ಹತ್ತಿದವರ ಕಾಲು ಮುರಿಯುತ್ತೇನೆ!" ಎಂದು ದಿನಾ ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದ. ಮೂಳೆ ಕೂಡಿಸುವವನ ಬಾಯಲ್ಲಿ ಈ ಮಾತು ಕೇಳಿ ದೊಡ್ಡವರು ನಗುತ್ತಿದ್ದರು. ಮಕ್ಕಳು ಮಾತ್ರ ನಂಬಿದ್ದರು.

ಒಂದು ದಿನ ಒಬ್ಬ ತಾಯಿ ತನ್ನ ಏಳು ವರ್ಷದ ಮಗಳನ್ನು ಹೊತ್ತು ತಂದಳು. ಹೇಗೆ ಬಿದ್ದೆ ಎಂದು ವೈದ್ಯ ಕೇಳಿದ. ಹುಡುಗಿ ಅವನ ಮುಖ ನೋಡಿ, ಹೊಸ್ತಿಲು ಎಡವಿದೆ ಎಂದಳು. ಮಕ್ಕಳ ಆ ಮೂಳೆ ಗಟ್ಟಿ, ಎತ್ತರದಿಂದ ಬೀಳದೆ ಸುಲಭಕ್ಕೆ ಮುರಿಯುವಂಥದ್ದಲ್ಲ. ಹಾಗಾಗಿ ಇದು ಬರೀ ಉಳುಕು ಎಂದು ವೈದ್ಯ ತೀರ್ಮಾನಿಸಿದ. ನಾಲ್ಕು ದಬ್ಬೆಗಳೂ ಗೋಡೆಯ ಮೇಲೇ ಉಳಿದವು. ಎಣ್ಣೆ ತಿಕ್ಕಿ ಹತ್ತು ಹೆಜ್ಜೆ ನಡೆಸಿದರೆ ಸರಿಹೋಗುತ್ತದೆ ಎಂದು ಬಟ್ಟಲು ಕೈಗೆತ್ತಿಕೊಂಡ. ನಡೆಸಿದ್ದರೆ ಅವಳ ಕಾಲಿನ ಕತೆ ಅಲ್ಲಿಗೆ ಮುಗಿಯುತ್ತಿತ್ತು.

ಅವಳನ್ನು ಮಗ್ಗುಲಾಗಿಸಲು ಹೋದಾಗ ಲಂಗದ ಮಡಿಕೆಯಿಂದ ಅರ್ಧ ಕಚ್ಚಿದ ಸೀಬೆಹಣ್ಣೊಂದು ಉರುಳಿತು. ಒಳಗೆ ಕೆಂಪು.

ವೈದ್ಯ ಹಣ್ಣನ್ನು ನೋಡಿದ, ಹುಡುಗಿಯನ್ನು ನೋಡಿದ. ಅವನಿಗೆ ನಾಚಿಕೆಯಾಯಿತು. ಎಣ್ಣೆ ಬಟ್ಟಲನ್ನು ಕೆಳಗಿಟ್ಟ.

"ಈಗ ನನ್ನ ಕಾಲು ಮುರೀತೀರಾ, ತಾತ?" ಎಂದು ಹುಡುಗಿ ಅತ್ತಳು.

"ನನಗೆಲ್ಲಿ ಆ ಕೆಲಸ ಉಳಿಸಿದ್ದೀಯ, ತಾಯೀ? ಎಲ್ಲಾ ನೀನೇ ಮುಗಿಸ್ಕೊಂಡು ಬಂದಿದ್ದೀಯ. ಯಾವ ಕೊಂಬೆಯಿಂದ ಬಿದ್ದೆ, ಅಷ್ಟು ಹೇಳು."

ಹುಡುಗಿಗೆ ಅಳುವಿನ ನಡುವೆಯೇ ನಗು ಬಂತು, ನಗುವಿನ ಹಿಂದೆ ಮಾತೂ ಬಂತು. ತುದಿಯ ಕೊಂಬೆ, ಕೆಳಗೆ ಕಲ್ಲು, ಬಿದ್ದದ್ದು ಬಲಮಗ್ಗುಲಿಗೆ. ಮುಟ್ಟಲೂ ಬಿಟ್ಟಳು, ನೋವು ಎಲ್ಲೆಂದು ಬೆರಳಿಟ್ಟು ತೋರಿಸಿದಳು. ವೈದ್ಯ ಎರಡನೆಯ ದಬ್ಬೆ ಇಳಿಸಿದ. ಅವಳು ಮೂರು ತಿಂಗಳು ಮಲಗಿದಳು, ದಿನಕ್ಕೊಂದು ಹಣ್ಣನ್ನು ವೈದ್ಯನೇ ಕೊಯ್ದು ತಂದುಕೊಟ್ಟ. ಕುಂಟದೆ ಎದ್ದವಳು ನೆಟ್ಟಗೆ ಹೋದದ್ದು ಅದೇ ಮರದ ಬುಡಕ್ಕೆ. ಈ ಸಲ ವೈದ್ಯ ಕೂಗಲಿಲ್ಲ. ಕೆಳಗಿನ ಕೊಂಬೆ ತೋರಿಸಿ, ಇದರಾಚೆ ಹತ್ತಬೇಡ ಎಂದ.

ಕತೆ ಕೇಳಿ ಮರಿಸ್ವಾಮಿಗೆ ಖುಷಿಯೋ ಖುಷಿ. ಉತ್ತರ ಸಿಕ್ಕಿತೆಂದು ಎದ್ದೇ ನಿಂತ. "ಹಾಗಾದರೆ ನಾನೂ ಹೋಗಿ ಆ ಮಗುವಿನ ಜೇಬು ಹುಡುಕಲೇ?"

ಗುರುಗಳು ಮತ್ತೆ ಲೇಪ ಅರೆಯತೊಡಗಿದರು.

"ಬೆಳಿಗ್ಗೆ ಹಾಕುತ್ತೇನೆಂದ ಬರೆಯನ್ನು ನೀನು ಹೋಗಿ ವಾಪಸು ತೆಗೆದುಕೊಳ್ಳುವ ತನಕ, ಮರಿಸ್ವಾಮಿ, ಆ ಮಗು ಬಿದ್ದದ್ದು ಮಂಚದಿಂದಲೇ."